ಆಪಾ ಹೇಳುತ್ತಿದ್ದ ನಂಬರು

ಆಪಾ ತೀರಿಕೊಂಡರು ಎಂದು ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂದಾಗ ನಾನು ಮೊದಲು ಮಾಡಿದ್ದು, ಅದನ್ನು ಹಾಕಿದ ಡ್ರಾಯಿಂಗ್ ಮಾಸ್ತರಿಗೆ ಫೋನ್ ಹಚ್ಚಿ ‘ನಿಮಗ ಯಾರು ಹೇಳಿದ್ರು?’ ಎಂದು ಕೇಳಿದ್ದು. ‘ಏನ್ ಮೇಡಂ, ಸಾವಿನ ಸುದ್ದಿಗೂ ಸಾಕ್ಷಿ ಬೇಕೇನ್ರಿ ನಿಮಗ?’ ಎಂದು ಅವರು ಸಿಡುಕಿದರು. ಹೌದು, ಬೇಕು. ಹಾಲಿನವನ ಅಳತೆಯಿಂದ ಹಿಡಿದು ಹೆಡ್‌ಮಾಸ್ತರರ ಜ್ವರದವರೆಗೆ ನಾನು ಯಾವುದನ್ನೂ ಒಂದೇ ಮಾತಿಗೆ ನಂಬಿದವಳಲ್ಲ. ಆಪಾರ ನಂಬರಿಗೇ ಫೋನ್ ಮಾಡಿದೆ. ಚಿನ್ನದ ಗಣಿಯ ಊರು ಹಟ್ಟಿಯಿಂದ ಬಂದಿದ್ದ ಅವರ ತಂಗಿ ಎತ್ತಿಕೊಂಡು, ನನ್ನ ದನಿ ಕೇಳಿದ್ದೇ ಗೊಳೋ ಎಂದು ಅತ್ತಳು. ಆಗ ನಂಬಿದೆ.

ಅಷ್ಟರಲ್ಲಿ ಗುಂಪಿನಲ್ಲಿ ಕೈಮುಗಿದ ಚಿತ್ರಗಳ ನಡುವೆ ‘ಮಿತಭಾಷಿ’, ‘ಆದರ್ಶ ಶಿಕ್ಷಕಿ’ ಎಂದೆಲ್ಲ ಬಂದಿತ್ತು. ಇದೇನು ಸುಳ್ಳೋ! ಆಪಾ ಮಿತಭಾಷಿಯೇ? ಬಸ್ಸಿನ ಕೊನೆಯ ಸೀಟಿನವರಿಗೂ ಕೇಳಿಸುವ ಗಂಟಲು ಅವರದು. ಪಾಠವೂ ಅಷ್ಟಕ್ಕಷ್ಟೇ. ಸ್ಟಾಫ್ ರೂಮಿಗೆ ಬರುವ ಚಹಾವನ್ನು ಒಂದು ಗುಟುಕು ಕುಡಿದು, ‘ಇದು ಚಾ ಅಲ್ರೀ, ಚಾದ ಮೈ ತೊಳದ ನೀರು’ ಎಂದು ಹುಡುಗಿಯರ ಎದುರಿಗೇ ಹೇಳುತ್ತಿದ್ದರು. ಅವರನ್ನು ಅವರು ಇದ್ದ ಹಾಗೆ ನೋಡಿದವಳು ಆ ಶಾಲೆಯಲ್ಲಿ ನಾನೊಬ್ಬಳೇ ಇರಬೇಕು. ಯಾಕೆಂದರೆ ಅವರ ಮೇಲೆ ಒಂದಿಷ್ಟೂ ನಂಬಿಕೆಯಿಲ್ಲದೆ, ಕಣ್ಣಿಟ್ಟು ಕಾದವಳು ನಾನು. ಅದರಲ್ಲಿ ನನ್ನದೇನೂ ತಪ್ಪಿರಲಿಲ್ಲ. ಅವರ ನಡವಳಿಕೆಯೇ ಹಾಗಿತ್ತು, ಯಾರಾದರೂ ಅನುಮಾನ ಪಡುವಂಥದು.

ಅವರು ಲಿಂಗಸುಗೂರಿನಿಂದ ವರ್ಗವಾಗಿ ಹಿಂದಿ ಟೀಚರಾಗಿ ಬಂದರು, ನಾಲ್ಕೇ ದಿನಕ್ಕೆ ಎಲ್ಲರಿಗೂ ಆಪಾ, ಅಂದರೆ ಅಕ್ಕ, ಆದರು. ಶಾಲೆ ಇರುವುದು ಮಸ್ಕಿಯ ಹತ್ತಿರ. ಅವರೂ ನಾನೂ ಸಿಂಧನೂರಿನವರಾದ್ದರಿಂದ ದಿನಾ ಒಂದೇ ಬಸ್ಸು. ಕುಳ್ಳಗೆ, ದುಂಡಗೆ ಇದ್ದರು. ತಲೆ ಮೇಲೆ ಸೆರಗು, ಮೂಗಿನ ತುದಿಗೆ ಜಾರಿದ ಕನ್ನಡಕ. ನನಗೆ ಮೊದಲು ಕಂಡದ್ದು ಅವರ ಬಲಗೈ ಹೆಬ್ಬೆರಳು. ಅದು ಸುಮ್ಮನಿರುತ್ತಲೇ ಇರಲಿಲ್ಲ. ಪ್ರಾರ್ಥನೆಗೆ ನಿಂತಾಗಲೂ ಸೆರಗಿನ ಅಂಚಿನ ಮೇಲೆ ಟಕ್, ಟಕ್‌ಟಕ್, ಟಕ್ ಎಂದು ಒತ್ತುತ್ತಿತ್ತು. ಜಪಮಣಿ ಎಣಿಸುವವರ ಬೆರಳು ಹಾಗೆ ಕುಣಿಯುವುದಿಲ್ಲ. ಕೆಲವು ದಿನ ಅದಕ್ಕೆ ಪ್ಲಾಸ್ಟರ್ ಪಟ್ಟಿ ಸುತ್ತಿಕೊಂಡು ಬರುತ್ತಿದ್ದರು. ಕೇಳಿದರೆ, ‘ಏನಿಲ್ರೀ, ಬಟ್ಟು ನೋವಾಕತೈತಿ’ ಎಂದು ಮಾತು ತಿರುಗಿಸುತ್ತಿದ್ದರು.

ಪೀರಿಯಡ್ ಇಲ್ಲದಾಗ ಎಲ್ಲರಿಗೂ ಬೆನ್ನು ಮಾಡಿ, ಗೋಡೆ ಕಡೆ ಮುಖ ಹಾಕಿ, ಫೋನನ್ನು ಅಡ್ಡ ಹಿಡಿದು ಕೂಡುತ್ತಿದ್ದರು. ಎರಡೂ ಹೆಬ್ಬೆರಳು ಓಡುತ್ತಿದ್ದವು. ಬಾಯಲ್ಲಿ ಸಣ್ಣಗೆ, ‘ಸತ್ತ... ಸತ್ತ... ಹಾಯ್ ರಬ್ಬಾ, ಬಾಗಿಲ ಮುಂದ ಬಂದು ಸತ್ತ!’ ವಿಜ್ಞಾನದ ಮಾಸ್ತರು ‘ರಮ್ಮಿ ಇರಬೇಕ್ರಿ’ ಎಂದರು. ಡ್ರಾಯಿಂಗ್ ಮಾಸ್ತರು ‘ಶೇರು, ಶೇರು’ ಎಂದರು. ನಾನು ಏನೂ ಅನ್ನಲಿಲ್ಲ. ರಮ್ಮಿಯಲ್ಲಿ ಯಾರು ಸಾಯುತ್ತಾರೆ?

ಅನುಮಾನ ಗಟ್ಟಿಯಾದದ್ದು ಬಸ್ಸಿನಲ್ಲಿ. ಸಿಂಧನೂರು ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಬಸ್ಸು ಹೊರಡುವ ಮೊದಲು ಸ್ವಲ್ಪ ಹೊತ್ತು ನಿಲ್ಲುತ್ತದೆ. ಆಪಾ ಕಿಟಕಿ ಪಕ್ಕದ ಸೀಟು ಹಿಡಿದು, ಕೂತವರೇ ಹಟ್ಟಿಯ ತಂಗಿಗೆ ಫೋನ್ ಹಚ್ಚುತ್ತಿದ್ದರು. ಸಲಾಮಿಲ್ಲ, ಊಟ ಆಯ್ತಾ ಎಂಬುದಿಲ್ಲ. ಬಸ್ಸಿನ ಗದ್ದಲವನ್ನು ಮೀರಿಸಿ ಒಂದೇ ಮಾತು: ‘ನಂದು ನಲವತ್ತೇಳು. ನಿಂದು?’ ಆ ಕಡೆಯದನ್ನು ಕೇಳಿ, ‘ಐವತ್ತೆರಡಾ? ಥೂ, ಮುದುಕಿ ಆದಿ ನೀ!’ ಎಂದು ನಕ್ಕು ಫೋನ್ ಇಡುತ್ತಿದ್ದರು. ಅಕ್ಕಿ ಗಿರಣಿಗಳು ದಾಟುವಷ್ಟರಲ್ಲಿ ಬಾಯಿ ತೆರೆದು ನಿದ್ದೆ. ಮರುದಿನ ಇನ್ನೊಂದು ನಂಬರು.

ನಂಬರು ಎಂಬ ಮಾತೇ ನನಗೆ ಆಗುವುದಿಲ್ಲ. ನನಗೆ ಮದುವೆಯಾಗಲಿಲ್ಲ, ಅಪ್ಪ ಅವ್ವ ಇಲ್ಲ, ಇರುವವನು ಒಬ್ಬ ತಮ್ಮ. ಹಿಟ್ಟಿನ ಗಿರಣಿ ಇಟ್ಟುಕೊಂಡು ಚೆನ್ನಾಗಿಯೇ ಇದ್ದ. ಅವನಿಗೆ ಓಸಿ ಹತ್ತಿತು. ಹೊರಗಿನವರು ಮಟಕಾ ಎನ್ನುವುದನ್ನು ನಮ್ಮ ಕಡೆ ಓಸಿ ಎನ್ನುತ್ತಾರೆ. ಎರಡಂಕಿಯ ಒಂದು ನಂಬರನ್ನು ಚೀಟಿಯಲ್ಲಿ ಬರೆಸಿ ಅದಕ್ಕೆ ರೊಕ್ಕ ಹಚ್ಚುವುದು, ಅದು ಬರುತ್ತದೆಂದು ಕಾಯುವುದು, ಬರದೆ ಇನ್ನೊಂದಕ್ಕೆ ಹಚ್ಚುವುದು, ಅಷ್ಟೇ. ಗಿರಣಿ ಹೋಯಿತು. ಹೆಂಡತಿ ಮಗಳನ್ನು ಕರೆದುಕೊಂಡು ಲಿಂಗಸುಗೂರಿನ ತವರಿಗೆ ಹೋದಳು. ಹೋಗುವಾಗ ನನಗೆ ಹೇಳಿದಳು: ‘ಬಿಟ್ಟಾರಂತ ನೀವು ಒಂದು ಮಾತು ಹೇಳ್ರಿ ಅಕ್ಕಾರ, ಮರುದಿನ ಬಸ್ ಹತ್ತತೀನಿ. ಅವರ ಆಣಿ ಮ್ಯಾಲೆ ನಾ ಬರಂಗಿಲ್ಲ.’ ಅವನು ಬಿಟ್ಟೆ ಬಿಟ್ಟೆ ಎನ್ನುತ್ತಿದ್ದ. ದೇವರ ಜಗುಲಿ ಮುಟ್ಟಿ ಹೇಳುತ್ತಿದ್ದ. ಅವಳು ತಿಂಗಳು ತಿಂಗಳು ಫೋನ್ ಮಾಡಿ ‘ಏನ್ರಿ ಅಕ್ಕಾರ?’ ಎಂದು ಕೇಳುತ್ತಿದ್ದಳು. ನಾನು ‘ನೋಡೂಣು ತಡಿ’ ಎನ್ನುತ್ತಿದ್ದೆ. ಮಗಳು ಆಚೆಯಿಂದ ‘ಅತ್ತೀ, ನಾವು ಊರಿಗೆ ಬರೋದು ಯಾವಾಗ?’ ಎಂದು ಕೂಗಿದರೆ ನಾನು ಫೋನನ್ನು ಕಿವಿಯಿಂದ ದೂರ ಹಿಡಿಯುತ್ತಿದ್ದೆ. ಆದರೂ ಗೊತ್ತಿಲ್ಲದೆ ಹೌದು ಎನ್ನುವುದು ಹೇಗೆ?

ಆ ಹೊತ್ತಿಗೇ ತಮ್ಮ ಇದ್ದಕ್ಕಿದ್ದಂತೆ ಒಳ್ಳೆಯವನಾದ. ‘ಅಕ್ಕಾ, ಬಸ್‌ಸ್ಟ್ಯಾಂಡಿಗೆ ನಾನ ಬಿಡ್ತೀನಿ, ನಡಕೊಂತ ಯಾಕ ಹೋಗ್ತಿ?’ ಎಂದು ದಿನಾ ಗಾಡಿ ತೆಗೆಯತೊಡಗಿದ. ಸಂತೋಷಪಡುವ ಬದಲು ನಾನು ಇವನಿಗೇನು ಬಂತು ಎಂದು ನೋಡುತ್ತಿದ್ದೆ. ನನ್ನನ್ನು ಇಳಿಸಿದ ಮೇಲೂ ಅವನು ಹೋಗುತ್ತಿರಲಿಲ್ಲ. ಆಪಾರ ಕಿಟಕಿಯ ಕೆಳಗೆ ಚಹಾದ ಕಪ್ಪು ಹಿಡಿದು ನಿಲ್ಲುತ್ತಿದ್ದ. ಅವನ ಜೊತೆ ಇನ್ನೂ ನಾಲ್ಕು ಜನ. ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಲು ಬೇಕಾದಷ್ಟು ಜಾಗವಿತ್ತು, ನೆರಳೂ ಇತ್ತು. ಇವರು ಬಿಸಿಲಲ್ಲಿ ಆ ಕಿಟಕಿಯ ಕೆಳಗೇ ನಿಲ್ಲುತ್ತಿದ್ದರು.

ಒಂದು ದಿನ ಊಟದ ಡಬ್ಬಿ ಗಾಡಿಯಲ್ಲೇ ಉಳಿಯಿತೆಂದು ಬಸ್ಸಿನಿಂದ ಇಳಿದು ಹೋದೆ. ಅವನು ನನಗೆ ಬೆನ್ನು ಮಾಡಿ ಚಹಾದಂಗಡಿಯವನಿಗೆ ಹೇಳುತ್ತಿದ್ದ: ‘ಆಪಾಂದು ಇವತ್ತು ಮೂವತ್ತೆಂಟು.’

‘ಬರಸೋಣೇನು?’

‘ಬರಸು. ಆಕೀ ಬಾಯಾಗ ಬರ್ಕತ್ ಐತಿ. ಹ್ವಾದ ವಾರ ಅರವತ್ನಾಕು ಅಂದಿದ್ರು, ಬಂತಿಲ್ಲ?’

ನಾನು ಡಬ್ಬಿ ತೆಗೆದುಕೊಳ್ಳಲೂ ಇಲ್ಲ. ತಿರುಗಿ ಬಂದು ಬಸ್ಸು ಹತ್ತಿ ಆಪಾರ ಪಕ್ಕದಲ್ಲೇ ಕೂತೆ. ಅವರು ಎಂದಿನಂತೆ ನಿದ್ದೆ ಹೋದರು. ಮಸ್ಕಿ ಬರುವವರೆಗೂ ನಾನು ಆ ಮುಖವನ್ನೇ ನೋಡುತ್ತ ಕೂತಿದ್ದೆ. ತಲೆ ಮೇಲೆ ಸೆರಗು, ಕೈಯಲ್ಲಿ ಮಕ್ಕಳ ಪರೀಕ್ಷೆ ಪೇಪರಿನ ಕಟ್ಟು, ಬಾಯಲ್ಲಿ ಓಸಿ ನಂಬರು! ಈ ಹೆಂಗಸಿಗೆ ಹಟ್ಟಿಯಿಂದ ನಂಬರು ಬರುತ್ತದೆ, ಇವರು ಸಿಂಧನೂರಿಗೆ ದಾಟಿಸುತ್ತಾರೆ, ನನ್ನ ತಮ್ಮನ ಸಂಸಾರ ಹಾಳಾಗುತ್ತದೆ ಎಂದು ನಾನು ಪೂರಾ ತೀರ್ಮಾನ ಮಾಡಿಬಿಟ್ಟೆ.

ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಬಾಗಿಲು ಮುಂದೆ ಮಾಡಿದೆ.

‘ಆಪಾ, ಯಾರಿಗೆ ನಂಬರ್ ಕೊಡಾಕತ್ತೀರಿ ನೀವು?’

‘ಯಾವ ನಂಬರ್?’

‘ದಿನಾ ಮುಂಜಾನಿ ಫೋನ್ನ್ಯಾಗ ಹೇಳ್ತೀರಲ್ಲ. ಇವತ್ತು ಮೂವತ್ತೆಂಟು.’

‘ಅದಾ? ಅದು ನಾ ಸತ್ತಿದ್ದು.’

‘ಏನಂದ್ರಿ?’

‘ನಿನ್ನಿ ಮೂವತ್ತೆಂಟು ಸಲ ಸತ್ತೀನ್ರಿ. ನಮ್ಮ ತಂಗಿ ಇನ್ನೂ ಭಾಳ ಸತ್ತಾಳ. ಯಾರು ಕಮ್ಮಿ ಸಾಯ್ತಾರ ಅವರು ಗೆದ್ದಂಗ’ ಎನ್ನುತ್ತ ಫೋನನ್ನು ಅಡ್ಡ ಮಾಡಿ ನನ್ನ ಮುಂದಿಟ್ಟರು.

ನಾವು ಚಿಕ್ಕವರಿದ್ದಾಗ ಟೀವಿಗೆ ವೈರು ಸಿಕ್ಕಿಸಿ ಆಡುತ್ತಿದ್ದ ಆಟಗಳ ಹಾಗೆ ಎಲ್ಲ ಚೌಕ ಚೌಕವಾಗಿತ್ತು. ಮೋಡವೂ ಚೌಕ, ಬೆಂಕಿಯೂ ಚೌಕ. ಇಷ್ಟು ಬೆಲೆಯ ಹೊಸ ಫೋನಿನಲ್ಲಿ ಇಂಥ ಹಳೆ ಚಿತ್ರ ಯಾಕೆ, ಇದರಲ್ಲೇನೋ ಇದೆ ಎಂದೇ ನನಗನಿಸಿತು. ಎಡಗಡೆ ಒಂದು ಕೆಂಪು ಚುಕ್ಕೆ, ಅದಕ್ಕೆ ಎರಡು ಕಣ್ಣು. ಆಪಾ ಅದನ್ನು ಬೂಂದಿ ಎನ್ನುತ್ತಿದ್ದರು. ಬಲಗಡೆ ಬಾಗಿಲು. ನಡುವೆ ಮುಳ್ಳು, ತಿರುಗುವ ಗರಗಸ, ಕಾಲಿಟ್ಟರೆ ಕುಸಿಯುವ ಇಟ್ಟಿಗೆ. ಬೂಂದಿ ಜಿಗಿಜಿಗಿದು ಬಾಗಿಲು ಮುಟ್ಟಬೇಕು. ಬೆರಳು ಸ್ವಲ್ಪ ಒತ್ತಿದರೆ ಸಣ್ಣ ಜಿಗಿತ, ತಡೆದು ಒತ್ತಿದರೆ ದೊಡ್ಡದು. ಎಳ್ಳಷ್ಟು ತಪ್ಪಿದರೆ ಸತ್ತ. ಅಳುವುದಕ್ಕೆ ಪುರುಸೊತ್ತಿಲ್ಲ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮತ್ತೆ ಎಡಗಡೆ ನಿಂತಿರುತ್ತಾನೆ. ಮೂಲೆಯಲ್ಲಿ ಒಂದು ತಲೆಬುರುಡೆ, ಅದರ ಪಕ್ಕದಲ್ಲಿ ಸತ್ತ ಲೆಕ್ಕ. ಆಪಾ ಆಡಿ ತೋರಿಸಿದರು. ಆ ದಪ್ಪ ಹೆಬ್ಬೆರಳು ಅಷ್ಟು ಚುರುಕಾಗಿ ಓಡುವುದನ್ನು ನೋಡಿ ನನಗೆ ನನ್ನ ಕಣ್ಣ ಮೇಲೇ ಅನುಮಾನ ಬಂತು. ಗೋಡೆಗೆ ಒದ್ದು, ಗರಗಸದ ಮೇಲಿಂದ ಹಾರಿ, ಕುಸಿಯುವ ಇಟ್ಟಿಗೆಗಳನ್ನು ಅವು ಕುಸಿಯುವ ಮೊದಲೇ ತುಳಿದು ಬೂಂದಿ ಬಾಗಿಲು ಹೊಕ್ಕ. ನನಗೆ ಕೊಟ್ಟರು. ನಾನು ಮೊದಲ ಮುಳ್ಳಿಗೇ ಸತ್ತೆ.

ಅಷ್ಟಕ್ಕೇ ಬಿಡುವವಳಲ್ಲ ನಾನು. ‘ನಿಮ್ಮ ತಂಗಿಗೆ ಫೋನ್ ಹಚ್ರಿ, ಸ್ಪೀಕರ್ ಇಡ್ರಿ’ ಎಂದೆ. ತಂಗಿ ಪಿಸುದನಿಯಲ್ಲಿ ಮಾತಾಡಿದಳು. ಅವಳ ಗಂಡ ಗಣಿಯಲ್ಲಿ ಶಿಫ್ಟಿನ ಕೆಲಸದವನು, ಹಗಲು ಮಲಗುತ್ತಾನೆ. ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಟೀವಿ ಹಚ್ಚುವಂತಿಲ್ಲ, ಪಾತ್ರೆ ಸಪ್ಪಳ ಮಾಡುವಂತಿಲ್ಲ. ಸದ್ದು ತೆಗೆದು ಆಡಲು ಬರುತ್ತದೆಂದು ಈ ಆಟ ಹಿಡಿದಿದ್ದಳಂತೆ, ಅಕ್ಕನಿಗೂ ಹಚ್ಚಿದ್ದಳಂತೆ. ‘ನಿನ್ನಿ ನೂರು ದಾಟಿ ಸತ್ತೀನ್ರಿ ಮೇಡಂ, ಅಕ್ಕಗ ಐವತ್ತಂತ ಸುಳ್ಳು ಹೇಳೀನಿ’ ಎಂದು ಬಾಯಿಬಿಟ್ಟಳು. ‘ಹರಾಮಿ!’ ಎಂದು ಆಪಾ ಕುರ್ಚಿಯಿಂದ ಎದ್ದೇಬಿಟ್ಟರು.

ಆಮೇಲೆ ನಾನು ಬಸ್‌ಸ್ಟ್ಯಾಂಡಿನ ಕಥೆ ಹೇಳಿದೆ. ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕರು, ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ‘ನಾ ಸತ್ತಿದ್ದಕ್ಕ ರೊಕ್ಕ ಹಚ್ಯಾರ? ನೂರಾ ಹದಿನಾಲ್ಕು ಆದ್ರ ಏನು ಮಾಡ್ತಾರ?’

‘ಹದಿನಾಲ್ಕು ಹಿಡೀತಾರ.’

ಮತ್ತೆ ನಗು. ತಮ್ಮನ ಗಿರಣಿ, ಅವನ ಹೆಂಡತಿ, ಅತ್ತೀ ಯಾವಾಗ ಎನ್ನುವ ಆ ಹುಡುಗಿ, ಎಲ್ಲ ಹೇಳಿದಾಗ ನಗು ನಿಂತಿತು. ಬೆಲ್ ಆದರೂ ಕ್ಲಾಸಿಗೆ ಹೋಗಲಿಲ್ಲ. ಹೆಬ್ಬೆರಳು ಒಂದೇ ಸಮ ಮೇಜು ಬಡಿಯುತ್ತಿತ್ತು.

ಮುಂದಿನ ಭಾನುವಾರ ನಮ್ಮ ಮನೆಗೆ ಬಂದರು. ಕೂಡಲಿಲ್ಲ, ನಿಂತೇ ತಮ್ಮನ ಮುಂದೆ ಫೋನ್ ಹಿಡಿದರು. ‘ಆಡು.’ ಅವನು ನನ್ನ ಮುಖ ನೋಡಿದ. ‘ಅಕ್ಕನ ಮಾರಿ ಏನು ನೋಡ್ತಿ? ಆಡು.’ ಅವನು ಸತ್ತ. ಮತ್ತೆ ಸತ್ತ. ಬೆವರು ಒರೆಸಿಕೊಂಡು ಆಡಿದ, ಸತ್ತ. ಆಪಾ ತಲೆಬುರುಡೆಯ ಪಕ್ಕದ ಲೆಕ್ಕದ ಮೇಲೆ ಬೆರಳಿಟ್ಟರು. ‘ಇದ ನೋಡು ನೀ ಹಚ್ಚತಿದ್ದ ನಂಬರು. ಒಬ್ಬ ಹೆಣ್ಮಗಳು ದಿನಾ ಎಷ್ಟು ಸಲ ಸತ್ಳು ಅಂತ ಕೇಳಿ, ಓಡಿಹೋಗಿ ಅದಕ್ಕ ರೊಕ್ಕ ಹಚ್ಚಿದಿ.’

ಅವನ ಮುಖ ಬಿಳಿಚಿತು. ಆದರೂ ಚಟದ ಬುದ್ಧಿ ಎಲ್ಲಿಗೆ ಹೋಗುತ್ತದೆ? ‘ಮತ್ತ ಅರವತ್ನಾಕು ಬಂದಿತ್ತಲ್ರೀ ಆಪಾ’ ಎಂದ. ನನಗೆ ಕಪಾಳಕ್ಕೆ ಹೊಡೆಯಬೇಕೆನಿಸಿತು. ಆಪಾ ಸಿಟ್ಟಾಗಲಿಲ್ಲ. ಅವನ ಪಕ್ಕ ಕೂತು, ‘ಇದ್ರಾಗ ನಸೀಬ ಅನ್ನೋದ ಇಲ್ಲ ತಮ್ಮಾ’ ಎಂದರು. ‘ಮುಳ್ಳು ನಿನ್ನಿ ಎಲ್ಲಿತ್ತು, ಇವತ್ತೂ ಅಲ್ಲೇ ಐತಿ, ನಾಳಿನೂ ಅಲ್ಲೇ ಇರ್ತೈತಿ. ಸತ್ತಿ ಅಂದ್ರ ನಿನ್ನ ಬಟ್ಟು ತಪ್ಪೈತಿ. ಇದನ್ನ ಆಡು. ಅದನ್ನ ಬಿಡು.’ ಅವನ ಫೋನಿಗೂ ಅದನ್ನು ಹಾಕಿಕೊಟ್ಟು, ನನ್ನ ಚಹಾ ಕುಡಿದು, ‘ಇದೂ ಮೈ ತೊಳದ ನೀರ’ ಎಂದು ಹೇಳಿ ಹೋದರು.

ಇಲ್ಲಿಗೆ ಮುಗಿದಿದ್ದರೆ ನಾನೂ ಅವರನ್ನು ಗುಂಪಿನವರ ಹಾಗೆ ಹೊಗಳುತ್ತಿದ್ದೆನೇನೋ. ಬಸ್ಸಿನಲ್ಲಿ ನಂಬರು ಹೇಳುವುದನ್ನು ನಿಲ್ಲಿಸಿದರು, ಸರಿ. ಕಿಟಕಿಯ ಕೆಳಗಿನವರು ನಾಲ್ಕು ದಿನ ಕಾದು ಚದುರಿದರು. ಆದರೆ ಒಂದು ಮುಂಜಾನೆ ತಮ್ಮನ ಫೋನ್ ಬಡಿಯಿತು. ಅವನು ‘ನಂದು ತೊಂಬತ್ತೊಂದು ಆಪಾ’ ಎಂದ. ಆ ಕಡೆಯಿಂದ ಆ ಗಂಟಲು, ಅಡುಗೆಮನೆಯವರೆಗೂ ಕೇಳಿಸಿತು: ‘ನಂದು ಇಪ್ಪತ್ತಾರು!’

ನಾನು ಲಟ್ಟಣಿಗೆ ಹಿಡಿದುಕೊಂಡೇ ಹೊರಗೆ ಬಂದೆ. ಕುಡುಕನ ಮನೆಗೆ ಬಾಟಲಿ ಕಳಿಸುತ್ತಾರೆಯೇ ಯಾರಾದರೂ? ಅಂದು ಬಸ್ಸಿನಲ್ಲಿ ಜಗಳವನ್ನೇ ತೆಗೆದೆ. ‘ಅವನಿಗೆ ನಂಬರು ಹೇಳಬ್ಯಾಡ್ರಿ ಅಂದ್ರ ಅವನ ಕಿವ್ಯಾಗ ಹೇಳಾಕತ್ತೀರಲ್ಲ, ಬುದ್ಧಿ ಐತೇನ್ರಿ ನಿಮಗ?’

‘ಮುಚ್ಚಿಟ್ರ ಕದ್ದು ಕೇಳ್ತಾನ್ರೀ. ಅದಕ್ಕ ಕೈಯಾಗ ಕೊಡ್ತೀನಿ. ಹಚ್ಚೋದು, ಬಿಡೋದು ಅವಂದು.’

‘ಹಚ್ಚಂಗಿಲ್ಲಂತ ನಿಮಗ ಹೆಂಗ ಗೊತ್ತು?’

‘ನನಗ ಗೊತ್ತಿಲ್ಲ.’

‘ಮತ್ತ?’

‘ಗೊತ್ತಾದ ಮ್ಯಾಲೆ ನಂಬಿದ್ರ ಅದು ನಂಬಿದಂಗೇನು?’ ಎಂದವರೇ ಕಿಟಕಿಗೆ ತಲೆ ಒರಗಿಸಿ ನಿದ್ದೆ ಹೋದರು. ಇಂಥ ಮಾತು ನನಗೆ ಆಗುವುದಿಲ್ಲ. ಹೇಳುವವರಿಗೇನು, ಸಂಸಾರ ಅವರದಲ್ಲ.

ಅಂದಿನಿಂದ ನಾನು ಎರಡೂ ಕಡೆ ಕಾವಲು ಕೂತೆ. ಒಗೆಯಲು ಹಾಕುವ ಮೊದಲು ತಮ್ಮನ ಅಂಗಿಯ ಕಿಸೆ ತಡಕಿದೆ. ರಜೆ ದಿನ ತರಕಾರಿಯ ನೆಪದಲ್ಲಿ ಅವನ ಹಿಂದೆ ಹೋದೆ. ಚಹಾದಂಗಡಿಯವನನ್ನು ಕೇಳಿದೆ. ‘ಬರಾಂಗಿಲ್ಲ ಬಿಡ್ರಿ ಅಕ್ಕಾರ, ನಿಮ್ಮ ತಮ್ಮ ನಮ್ಮನ್ನ ಮರತಾನ’ ಎಂದ. ಅವನನ್ನು ನಂಬುವುದು ಹೇಗೆ? ಕಿಸೆಯಲ್ಲಿ ಏನೂ ಸಿಗಲಿಲ್ಲ. ಸಿಗಲಿಲ್ಲವೆಂದರೆ ಇಲ್ಲವೆಂದೇ? ತಮ್ಮ ಒಂದು ಅಕ್ಕಿ ಗಿರಣಿಯಲ್ಲಿ ಕೆಲಸಕ್ಕೆ ಸೇರಿದ. ಬಿಡುವಿದ್ದಾಗ ಗೋಡೆ ಕಡೆ ಮುಖ ಮಾಡಿ ಆಪಾರ ಹಾಗೇ ಕೂತು ಬೂಂದಿಯನ್ನು ಜಿಗಿಸುತ್ತಿದ್ದ. ಸಾಯುವ ಲೆಕ್ಕ ಇಳಿಯುತ್ತ ಬಂತು. ಒಮ್ಮೆ ಆಪಾರಿಗಿಂತ ಕಡಿಮೆ ಸತ್ತ ದಿನ ಮನೆ ತುಂಬ ಕುಣಿದಾಡಿ, ನನಗೆ ಮಿರ್ಚಿ ಭಜಿ ತಂದುಕೊಟ್ಟ. ತಿನ್ನುತ್ತ ನಾನು ಯೋಚಿಸಿದ್ದು, ಈ ಭಜಿಗೆ ರೊಕ್ಕ ಎಲ್ಲಿಂದ ಬಂತು ಎಂದು.

ಲಿಂಗಸುಗೂರಿನಿಂದ ಫೋನ್ ಬರುತ್ತಲೇ ಇತ್ತು. ‘ಏನ್ರಿ ಅಕ್ಕಾರ?’ ‘ನೋಡೂಣು ತಡಿ.’ ಆಪಾ ನಿವೃತ್ತರಾದರು. ಶಾಲು ಹೊದಿಸಿಕೊಂಡು ಕೂತಾಗಲೂ ಹೆಬ್ಬೆರಳು ಹಾರದ ಮೇಲೆ ಕುಣಿಯುತ್ತಿತ್ತು. ಬಸ್ಸಿನಲ್ಲಿ ನನ್ನ ಪಕ್ಕ ಬೇರೆ ಯಾರೋ ಕೂಡತೊಡಗಿದರು. ಮುಂಜಾನೆಯ ಫೋನ್ ಮಾತ್ರ ಒಂದು ದಿನವೂ ತಪ್ಪಲಿಲ್ಲ, ಮೊನ್ನೆಯವರೆಗೆ.

ಮೊನ್ನೆ ಫೋನ್ ಬರಲಿಲ್ಲ. ‘ಆಪಾ ಯಾಕ ಹಚ್ಚಿಲ್ಲ?’ ಎಂದು ತಮ್ಮ ಎರಡು ಸಲ ಕೇಳಿದ. ಆಮೇಲೆ ಆ ಸುದ್ದಿ ಬಂತು.

ಮಣ್ಣಿಗೆ ಅವನು ಹೋಗಿಬಂದ. ನಾನು ಅವರ ಮನೆಯಲ್ಲಿ ತಂಗಿಯ ಹತ್ತಿರ ಕೂತಿದ್ದು, ಆಮೇಲೆ ಮನೆಗೆ ಬಂದೆ. ಅವನು ಸ್ನಾನ ಮಾಡಿ, ಕೂದಲು ಒದ್ದೆಯಿದ್ದ ಹಾಗೇ ಹೊಸ್ತಿಲ ಮೇಲೆ ಬಂದು ಕೂತ. ಆಮೇಲೆ ಕೇಳಿದ:

‘ಅಕ್ಕಾ, ಆಪಾಗ ವಯಸ್ಸು ಎಷ್ಟಾಗಿತ್ತು?’

ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಸತ್ತವರ ವಯಸ್ಸಿಗೆ ಓಸಿ ಹಚ್ಚುವುದು ನಮ್ಮ ಊರಲ್ಲಿ ಹೊಸದೇನಲ್ಲ. ಅಪ್ಪ ಸತ್ತಾಗ ಇವನೇ ಹಚ್ಚಿದ್ದ.

‘ಯಾಕ?’ ಎಂದೆ.

‘ಸುಮ್ನ ಕೇಳಿದೆ.’

ಅವನ ಮುಖ ನೋಡಿದೆ. ಅತ್ತು ಅತ್ತು ಕಣ್ಣು ಕೆಂಪಾಗಿದ್ದವು. ಅಳುವವನೂ ರೊಕ್ಕ ಹಚ್ಚಬಲ್ಲ ಎಂದು ನನಗೆ ಗೊತ್ತು. ಗೊತ್ತಿಲ್ಲವೆಂದು ಹೇಳಿಬಿಡೋಣ ಎನಿಸಿತು, ಬಾಯಿಗೂ ಬಂತು. ಅವನು ನನ್ನನ್ನೇ ನೋಡುತ್ತಿದ್ದ. ನಾನು ಹೇಳುವುದಿಲ್ಲವೆಂದು ಅವನಿಗೆ ಆಗಲೇ ಗೊತ್ತಾಗಿತ್ತು. ಅವನು ತಲೆ ತಗ್ಗಿಸಿ, ‘ಇರಲಿ ಬಿಡು’ ಎಂದು ಎದ್ದ.

‘ಅರವತ್ತೆರಡು’ ಎಂದೆ.

ಅವನು ತಿರುಗಿ ನೋಡಿ, ತುಟಿಯಲ್ಲೇ ಅದನ್ನು ಒಮ್ಮೆ ಅಂದುಕೊಂಡು, ಚಪ್ಪಲಿ ಮೆಟ್ಟಿ ಹೊರಗೆ ಹೋದ. ನಮ್ಮ ಓಣಿಯ ತುದಿಯಲ್ಲಿ ಬಲಕ್ಕೆ ತಿರುಗಿದರೆ ಬಸ್‌ಸ್ಟ್ಯಾಂಡು, ಆ ಚಹಾದಂಗಡಿ; ಎಡಕ್ಕೆ ತಿರುಗಿದರೆ ಆಪಾರ ಮನೆ. ಕಿಟಕಿಗೆ ಹೋದರೆ ಅವನು ಯಾವ ಕಡೆ ತಿರುಗಿದ ಎಂಬುದು ಕಾಣುತ್ತದೆ. ನಾನು ಹೋಗಲಿಲ್ಲ. ಕೂತಲ್ಲಿಂದಲೇ ಫೋನ್ ತೆಗೆದು ಲಿಂಗಸುಗೂರಿಗೆ ಹಚ್ಚಿದೆ.

‘ಬಾರವ್ವಾ’ ಎಂದೆ. ‘ಮಗಳನ್ನ ಕರಕೊಂಡು ನಾಳೆ ಬಸ್ ಹತ್ತು.’

‘ಬಿಟ್ಟಾರೇನ್ರಿ ಅಕ್ಕಾರ? ಖಾತ್ರೀನಾ?’

‘ಖಾತ್ರಿ ಇಲ್ಲ’ ಎಂದೆ. ‘ನೀ ಬಾ.’